ತಂಗಿ ಹೊಲಿದ ಜಂಪ್‌ಸೂಟ್, ನಾಲ್ಕನೆಯ ಚಿತ್ರ ಮತ್ತು ಮನೆಯವರ ಗುಂಪು

ತಂಗಿ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವವಳು; ಹಾರುವಾಗ ತೊಡಲೆಂದು ತಾನೇ ಹೊಲಿದ ಉಡುಪಿನ ನಾಲ್ಕು ಚಿತ್ರಗಳನ್ನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮೇಲೆ ನಡೆದ ವಾದವಿದು. ನಡುವೆ ಬಂದ ಶುಭರಾತ್ರಿಯ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ತಂಗಿ: ಬಿಡುವಾದಾಗಲೆಲ್ಲ ಹೊಲಿಯುತ್ತಿದ್ದ ಜಂಪ್‌ಸೂಟ್ ಇಂದು ಮುಗಿಯಿತು. ಮೈಗೆ ನೈಲಾನ್, ತೋಳುಗಳಿಗೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ, ಇಳಿಯುವಾಗ ನೆಲಕ್ಕೆ ಉಜ್ಜುವ ಮೊಣಕಾಲಿಗೆ ಕಾರ್ಡುರಾ ಎಂಬ ಗಟ್ಟಿ ಬಟ್ಟೆಯ ತೇಪೆ ಹಾಕಿದ್ದೇನೆ. ನಾಲ್ಕನೆಯ ಚಿತ್ರದಲ್ಲಿರುವುದು ಮುಂದಿನ ಕೆಲಸದ ನಕ್ಷೆ. ಮುಖ್ಯ ಪ್ಯಾರಾಶೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಶೂಟ್, ಅಂದರೆ ಪೈಲಟ್ ಚೂಟನ್ನೂ ನಾನೇ ಹೊಲಿಯಬೇಕೆಂದಿದ್ದೇನೆ.

ಭಾವ: ಪುಟ್ಟಿ, ಮೊದಲ ಮೂರು ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ; ನಾಲ್ಕನೆಯದನ್ನು ನೋಡಿದ ಮೇಲೆ ಊಟ ಸೇರಲಿಲ್ಲ. 1912ರ ಫೆಬ್ರವರಿ 4ರಂದು ಫ್ರಾಂಟ್ಸ್ ರೈಶೆಲ್ಟ್ ಎಂಬ ದರ್ಜಿ ತಾನೇ ಹೊಲಿದ ಪ್ಯಾರಾಶೂಟ್ ಉಡುಪನ್ನು ತೊಟ್ಟು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ, ಅಂದರೆ ಸುಮಾರು 57 ಮೀಟರ್ ಎತ್ತರದಿಂದ, ಹಾರಿ ಸತ್ತ. ಗೊಂಬೆಯನ್ನು ಎಸೆದು ಪರೀಕ್ಷಿಸುವುದಾಗಿ ಅನುಮತಿ ಪಡೆದು ಕೊನೆಗೆ ತಾನೇ ಹಾರಿದವನು ಅವನು. ಹೊಲಿಗೆ ಬಲ್ಲವನೆಂಬ ಧೈರ್ಯವೇ ಅವನಿಗೆ ಮುಳುವಾಯಿತು.

ತಂಗಿ: ಭಾವ, ಅವನ ಹೊಲಿಗೆ ಬಿಚ್ಚಿಕೊಂಡು ಅವನು ಸಾಯಲಿಲ್ಲ. ಪರೀಕ್ಷೆಯಲ್ಲಿ ಸಾಬೀತಾಗದ ಕಲ್ಪನೆಯೊಂದು ಅವನನ್ನು ಕೊಂದಿತು. ನಾನು ಹೊಸದೇನನ್ನೂ ಕಲ್ಪಿಸುತ್ತಿಲ್ಲ. ನೂರಾರು ಬಾರಿ ತೆರೆದುಕೊಂಡಿರುವ ನನ್ನ ಹಳೆಯ ಪೈಲಟ್ ಚೂಟಿನ ಅಳತೆಯನ್ನೇ ತೆಗೆದುಕೊಂಡಿದ್ದೇನೆ.

ಅತ್ತೆ: ನೀವು ಆಕಾಶದ ಮಾತನ್ನು ಆಮೇಲೆ ಆಡಿ. ಮಗಳೇ, ಎರಡು ಸಾಲಿನ ಮಡಿಕೆ ಹೊಲಿಗೆಯನ್ನು ಇಷ್ಟು ನೇರವಾಗಿ ಹಾಕಿದ್ದನ್ನು ನೋಡಿ ಸಂತೋಷವಾಯಿತು. ಆದರೆ ತೋಳು ಇಷ್ಟೇಕೆ ಸಡಿಲ? ಬೆನ್ನಿಗಿಂತ ಮುಂಭಾಗ ಉದ್ದವಾಗಿದೆಯಲ್ಲ, ಅಳತೆ ತಪ್ಪಿತೇ?

ತಂಗಿ: ಅಳತೆ ತಪ್ಪಿಲ್ಲ, ಅತ್ತೆ. ಹೊಟ್ಟೆಯನ್ನು ನೆಲದ ಕಡೆಗೆ ಮಾಡಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿ.ಮೀ. ಇರುತ್ತದೆ, ಆದರೆ ಎಲ್ಲರೂ ಒಂದೇ ವೇಗದಲ್ಲಿ ಬೀಳುವುದಿಲ್ಲ. ನನ್ನ ಹಾಗೆ ಹಗುರವಾಗಿರುವವರು ಸಾಮಾನ್ಯವಾಗಿ ನಿಧಾನವಾಗಿ ಬೀಳುವುದರಿಂದ ಮೈಗೆ ಬಿಗಿಯಾದ, ಗಾಳಿ ಜಾರುವ ನೈಲಾನ್ ಬೇಕಾಯಿತು. ಆದರೆ ಪೂರ್ತಿ ಬಿಗಿ ಮಾಡಿದರೆ ಕೈಗಳಿಗೆ ಗಾಳಿಯ ಹಿಡಿತವೇ ಸಿಗುವುದಿಲ್ಲವಾದ್ದರಿಂದ ತೋಳಿಗೆ ಒರಟು ಬಟ್ಟೆ ಹಾಕಿ ಸಡಿಲ ಬಿಟ್ಟೆ. ಇನ್ನು ಅಳತೆಯನ್ನು ನೆಟ್ಟಗೆ ನಿಂತು ತೆಗೆಯಲೇ ಇಲ್ಲ. ಬೀಳುವಾಗ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಪ್ಯಾರಾಶೂಟ್ ತೆರೆದ ಮೇಲೆ ಎರಡೂ ಕೈ ತಲೆಯ ಮೇಲಿರುತ್ತವೆ, ವಿಮಾನದಲ್ಲಿ ಮಂಡಿ ಮಡಚಿ ಕೂರಬೇಕು. ಈ ಮೂರು ಭಂಗಿಗಳಲ್ಲಿ ಎಲ್ಲಿ ಹೆಚ್ಚು ಬಟ್ಟೆ ಬೇಕೋ ಆ ಅಳತೆಯನ್ನೇ ಹಿಡಿದೆ.

ಅತ್ತೆ: ಹಾಗಾದರೆ ಸರಿ. ಎಳೆದರೆ ಹಿಗ್ಗುವ ಕಂಕುಳ ಪಟ್ಟಿಗೆ ನೇರ ಹೊಲಿಗೆ ಹಾಕಿಲ್ಲ ತಾನೆ? ಬಟ್ಟೆ ಹಿಗ್ಗಿ ದಾರ ಹಿಗ್ಗದಿದ್ದರೆ ಮೊದಲ ಹಾರಾಟದಲ್ಲೇ ಪಟಪಟನೆ ಹರಿಯುತ್ತದೆ.

ತಂಗಿ: ಜಿಗ್‌ಜಾಗ್ ಹಾಕಿದ್ದೇನೆ, ಅತ್ತೆ. ದಾರ ಪೂರ್ತಿ ನೈಲಾನ್.

ಚಿಕ್ಕಪ್ಪ: ನಾನು ತಡವಾಗಿ ನೋಡಿದೆ. (ಚಿಕ್ಕಪ್ಪ ರಿಗ್ಗರ್, ಇತರರ ರಿಸರ್ವ್ ಪ್ಯಾರಾಶೂಟುಗಳನ್ನು, ಅಂದರೆ ಮುಖ್ಯದ್ದು ಕೈಕೊಟ್ಟಾಗ ಬಳಸುವ ಎರಡನೆಯ ಪ್ಯಾರಾಶೂಟುಗಳನ್ನು, ಮಡಿಸಿಕೊಡುವುದೇ ಅವರ ಕೆಲಸ. ಅವರು ಬರೆಯಲಾರಂಭಿಸಿದರೆ ಉಳಿದವರು ಕಾಯುತ್ತಾರೆ.) ಎಲ್ಲರೂ ನಾಲ್ಕನೆಯ ಚಿತ್ರದ ಬಗ್ಗೆ ಜಗಳವಾಡುತ್ತಿದ್ದೀರಿ, ನನಗೆ ಭಯವಾದದ್ದು ಎರಡನೆಯದನ್ನು ನೋಡಿ. ಬಲ ಎದೆಯ ಮೇಲೆ ಮುಚ್ಚಳವಿರುವ ಜೇಬು, ಅದರ ಜಿಪ್ಪಿಗೆ ಕುಣಿಕೆಯಂಥ ದಾರ. ಪ್ಯಾರಾಶೂಟನ್ನು ಮೈಗೆ ಬಿಗಿಯುವ ಪಟ್ಟಿಗಳನ್ನು, ಅಂದರೆ ಹಾರ್ನೆಸ್, ತೊಟ್ಟ ಮೇಲೆ ಅದೇ ಜಾಗದ ಪಕ್ಕದಲ್ಲಿ ಕೆಟ್ಟ ಪ್ಯಾರಾಶೂಟನ್ನು ಕಳಚಿಬಿಡುವ ಹಿಡಿಕೆ ಇರುತ್ತದೆ. ತಲೆ ಸುತ್ತುತ್ತಿರುವಾಗ ಕೈ ಹುಡುಕುವುದು ಮೆತ್ತಗೆ ಸಿಗುವ ವಸ್ತುವೊಂದನ್ನು; ಅದು ಹಿಡಿಕೆಯೋ ಜೇಬಿನ ಮುಚ್ಚಳವೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಭಾವ ಬರೆದ ದರ್ಜಿಗಿಂತ ನನಗೆ ನೆನಪಾಗುವವನು ಪ್ಯಾಟ್ರಿಕ್ ಡಿ ಗಯಾರ್ಡಾನ್. ರೆಕ್ಕೆಯಿರುವ ಹಾರಾಟದ ಉಡುಪಿಗೆ, ಇಂದಿನ ವಿಂಗ್‌ಸೂಟಿಗೆ, ದಾರಿ ಮಾಡಿದ ಅವನು ರೆಕ್ಕೆಯ ದೋಷದಿಂದ ಸಾಯಲಿಲ್ಲ. ಪ್ಯಾರಾಶೂಟ್ ಮಡಿಸಿಡುವ ಬೆನ್ನಚೀಲಕ್ಕೆ, ಅಂದರೆ ತನ್ನ ಕಂಟೇನರಿಗೆ, ಸ್ವತಃ ಮಾಡಿಕೊಂಡಿದ್ದ ಮಾರ್ಪಾಡಿನ ತಪ್ಪಿನಿಂದ 1998ರ ಏಪ್ರಿಲ್‌ನಲ್ಲಿ ಹವಾಯಿಯಲ್ಲಿ ಸತ್ತ. ಅವನಿಗಿಂತ ಅನುಭವಿಯನ್ನು ಹುಡುಕುವುದು ಕಷ್ಟ.

ಭಾವ: ನಾನು ಹೇಳಿದ್ದೂ ಅದನ್ನೇ, ಮಾವ. ಹಾರಾಟಕ್ಕೆ ಸಂಬಂಧಿಸಿದ ಯಾವುದನ್ನೂ ಮನೆಯಲ್ಲಿ ಹೊಲಿಯಬಾರದೆಂದು ಕಾನೂನೇ ಇರಬೇಕು.

ಚಿಕ್ಕಪ್ಪ: ಅಷ್ಟು ದೂರ ಹೋಗಬೇಡಿ. ಅಮೆರಿಕದ ನಿಯಮವನ್ನೇ ನೋಡಿ: ರಿಸರ್ವ್, ಹಾರ್ನೆಸ್ ಮತ್ತು ಕಂಟೇನರುಗಳಿಗೆ ಅನುಮೋದನೆ ಬೇಕು, ರಿಸರ್ವನ್ನು 180 ದಿನಗಳಿಗೊಮ್ಮೆ ಪ್ರಮಾಣಪತ್ರವುಳ್ಳ ರಿಗ್ಗರೇ ಮಡಿಸಬೇಕು, ಮುಖ್ಯ ಪ್ಯಾರಾಶೂಟಿಗೆ ಅಂಥ ಅನುಮೋದನೆ ಕಡ್ಡಾಯವಲ್ಲ, ಅದನ್ನು ತೊಟ್ಟು ಹಾರುವವರೇ ಮಡಿಸಿಕೊಳ್ಳಲೂಬಹುದು. ಹಾರ್ನೆಸ್ ಪಟ್ಟಿಯ ದಪ್ಪ ಪದರಗಳನ್ನು ಚುಚ್ಚುವ ಯಂತ್ರವೂ ದಾರವೂ ಬೇರೆಯೇ, ಮನೆಯ ಯಂತ್ರದಿಂದ ಅದು ಆಗದು. ಆ ಮಾತು ಅಲ್ಲಿಗೆ ಮುಗಿಯಿತು.

ತಂಗಿ: ಹಾಗಿದ್ದರೆ ಮುಖ್ಯ ಪ್ಯಾರಾಶೂಟಿನ ಭಾಗವಾದ ಪೈಲಟ್ ಚೂಟಿಗೆ ಏಕೆ ಅಡ್ಡಿ, ಚಿಕ್ಕಪ್ಪ? ಕೈಯಿಂದ ಎಸೆಯುವ ಪೈಲಟ್ ಚೂಟ್, ಕೆಟ್ಟ ಪ್ಯಾರಾಶೂಟನ್ನು ಕಳಚುವ ಮೂರು ಉಂಗುರಗಳ ಬಿಡುಗಡೆ ವ್ಯವಸ್ಥೆ, ಎರಡನ್ನೂ ಕೊಟ್ಟ ಬಿಲ್ ಬೂತ್ ಸ್ವತಃ ಹಾರುವವನೇ. ನನ್ನದು ತೆರೆಯದಿದ್ದರೆ ರಿಸರ್ವ್ ಇದ್ದೇ ಇದೆ.

ಚಿಕ್ಕಪ್ಪ: ಈ ಕೊನೆಯ ವಾಕ್ಯವನ್ನು ನೀನು ಬರೆಯಬಾರದಿತ್ತು. ನೀನು ಎಸೆದ ಪೈಲಟ್ ಚೂಟ್ ಪೂರ್ತಿ ಉಬ್ಬದೆ, ಕಂಟೇನರಿನ ಪಿನ್ನನ್ನು ಎಳೆಯುವಷ್ಟು ಬಲ ಹುಟ್ಟದೆ, ಅದನ್ನು ಮುಖ್ಯ ಪ್ಯಾರಾಶೂಟಿಗೆ ಸೇರಿಸುವ ಉದ್ದನೆಯ ಪಟ್ಟಿ, ಅಂದರೆ ಬ್ರೈಡಲ್ಲಿನ ತುದಿಯಲ್ಲಿ ಬೆನ್ನ ಹಿಂದೆ ಒದ್ದಾಡುತ್ತಿದೆ ಎಂದುಕೊ. ಆಗ ರಿಸರ್ವ್ ಎಳೆದರೆ ಅದು ಹೊರಬರಬೇಕಾದದ್ದು ಇದೇ ಬ್ರೈಡಲ್ಲಿನ ಪಕ್ಕದಿಂದ, ಸಿಕ್ಕಿಕೊಳ್ಳುವ ಅಪಾಯ ಅಲ್ಲೇ ಇದೆ. ಅಂಗೈಯಲ್ಲಿ ಮುದುಡಿ ಹಿಡಿಯಬಹುದಾದ ಈ ಬಟ್ಟೆ ಕೆಟ್ಟರೆ ರಿಸರ್ವಿನ ಕೆಲಸವನ್ನೂ ಕೆಡಿಸಬಲ್ಲದು. ಒಳಗಿನ ಆಧಾರ ಪಟ್ಟಿಗಳಲ್ಲಿ ಒಂದು ಗಿಡ್ಡವಾದರೂ ಅದು ವಾಲಿ ತಿರುಗುತ್ತದೆ. ಪ್ಯಾರಾಶೂಟ್ ತೆರೆದ ಮೇಲೆ ಪೈಲಟ್ ಚೂಟನ್ನು ಮುದುಡಿಸುವ ನಡುವಿನ ದಾರ, ಕಿಲ್ ಲೈನ್, ಬಳಕೆಯಲ್ಲಿ ಕುಗ್ಗುತ್ತದೆ, ಸ್ಪೆಕ್ಟ್ರಾ ದಾರವಾದರೆ ಇನ್ನೂ ಹೆಚ್ಚು. ನೀನು ಅಳತೆ ತೆಗೆದ ಹಳೆಯದರಲ್ಲಿ ಅದು ಈಗಾಗಲೇ ಕುಗ್ಗಿರಬಹುದೆಂದು ಯೋಚಿಸಿದೆಯಾ?

(ಇದಕ್ಕೆ ಇಪ್ಪತ್ತು ನಿಮಿಷ ಯಾರೂ ಉತ್ತರಿಸಲಿಲ್ಲ.)

ತಂಗಿ: ಯೋಚಿಸಿರಲಿಲ್ಲ.

ಅತ್ತೆ: ತಮ್ಮಾ, ಹುಡುಗಿಯನ್ನು ಹೆದರಿಸಿದ್ದು ಸಾಕು. ಅವಳು ಹೊಲಿಯಲಿ, ನೀನು ಬಿಚ್ಚಿ ನೋಡು. ನಾನು ಕಲಿತದ್ದೂ ಹಾಗೆಯೇ. ನನ್ನ ಹೊಲಿಗೆಯ ತಪ್ಪು ನನ್ನ ಕಣ್ಣಿಗೆ ಎಂದೂ ಬಿದ್ದದ್ದಿಲ್ಲ, ಏಕೆಂದರೆ ಎಲ್ಲಿ ಸರಿಯಾಗಿದೆ ಎಂದುಕೊಂಡಿರುತ್ತೇನೋ ಅಲ್ಲೇ ಕಣ್ಣು ಜಾರುತ್ತದೆ. ಅಂದಹಾಗೆ, ಆ ಲೇಪವಿರುವ ಜಾರುಬಟ್ಟೆಗೆ ಗುಂಡುಸೂಜಿ ಚುಚ್ಚಬೇಡ, ಮಗಳೇ, ತೂತು ಮುಚ್ಚುವುದಿಲ್ಲ. ಅಂಟುಪಟ್ಟಿ ಹಾಕಿ ಹಿಡಿದುಕೊ.

ಚಿಕ್ಕಪ್ಪ: ಅಕ್ಕ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಮೊದಲು ಒಂದನ್ನು ಹೊಲಿದು ತಾ. ಅದು ಹಾರಲು ಅಲ್ಲ, ನಾನು ಕತ್ತರಿಸಿ ನೋಡಲು. ಆದರೆ ಜೇಬಿನ ವಿಷಯ ಇನ್ನೂ ಬಾಕಿ ಇದೆ. ಸೂಟಿನ ಮೇಲೆ ಹಾರ್ನೆಸ್, ಕಂಟೇನರ್ ಎಲ್ಲ ಸೇರಿದ ಪೂರ್ತಿ ರಿಗ್ ತೊಟ್ಟು, ಕಣ್ಣು ಮುಚ್ಚಿ, ಮೈ ಬಾಗಿಸಿ, ಮೂರೂ ಹಿಡಿಕೆಗಳನ್ನು ಹತ್ತು ಸಲ ಮುಟ್ಟಿ ನೋಡಿ ಬರೆ.

ಭಾವ: ಎಣಿಸಲು ಬೇರೆಯವರು ಇರಲಿ. ಇವಳೇ ಎಣಿಸಿದರೆ ಹತ್ತೂ ಸರಿ ಬರುತ್ತದೆ.

ತಂಗಿ: ಅಕ್ಕ ಎಣಿಸಿದಳು. ಬೆನ್ನ ಕೆಳಗಿನ ಪೈಲಟ್ ಚೂಟ್ ಹಿಡಿಕೆ ಹತ್ತಕ್ಕೆ ಹತ್ತು, ಎಡಗಡೆಯ ರಿಸರ್ವ್ ಹಿಡಿಕೆ ಹತ್ತಕ್ಕೆ ಹತ್ತು. ಬಲಗಡೆ ಮೂರು ಸಲ ಜೇಬಿನ ಮುಚ್ಚಳ ಕೈಗೆ ಬಂತು, ಒಂದು ಸಲ ಅದನ್ನೇ ಎಳೆದೆ. ಈಗ ಜೇಬಿನ ಹೊಲಿಗೆ ಬಿಚ್ಚುತ್ತಿದ್ದೇನೆ.

ಭಾವ: ನಾಲ್ಕನೆಯ ಚಿತ್ರ?

ತಂಗಿ: ಅದು ಅಲ್ಲೇ ಇರುತ್ತದೆ, ಭಾವ. ಕಿಲ್ ಲೈನಿನ ಅಳತೆಯನ್ನು ಮಾತ್ರ ಹೊಡೆದುಹಾಕಿದ್ದೇನೆ.

ಅತ್ತೆ: ಬಿಚ್ಚಿದ ಜೇಬನ್ನು ಎಸೆಯಬೇಡ, ನನಗೆ ಕೊಡು. ಜಿಪ್ಪು ಚೆನ್ನಾಗಿದೆ.