ಅಂಡಮಾನ್‌ಗೆ ಮೊದಲ ಸಲ ಹೊರಟಿದ್ದೇವೆ, ಏನು ಬಿಡಲಿ, ಏನು ಇಟ್ಟುಕೊಳ್ಳಲಿ?

ದಾವಣಗೆರೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಅಂಡಮಾನ್‌ಗೆ ಹೋಗೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, ಏಳು ವರ್ಷದ ಮಗ, ಜೊತೆಗೆ ನಮ್ಮತ್ತೆ. ಅತ್ತೆಗೆ ಮಂಡಿನೋವು. ಮೊಟ್ಟೆ ಕೂಡ ಮುಟ್ಟುವುದಿಲ್ಲ. ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ಗೋಕರ್ಣ, ಮುರ್ಡೇಶ್ವರ ಬಿಟ್ಟರೆ ಬೇರೆ ಸಮುದ್ರ ನೋಡಿಲ್ಲ. ಟ್ರಾವೆಲ್ಸ್‌ನವರು ಆರು ದಿನಕ್ಕೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ಎಲ್ಲಾ ಸೇರಿಸಿ ಪಟ್ಟಿ ಕೊಟ್ಟಿದ್ದಾರೆ. ನನಗಿರುವ ಆಸೆ ಒಂದೇ. ಕಾಡು ಸಮುದ್ರದವರೆಗೂ ಬಂದು ನಿಂತಿರುವ ಆ ಬೀಚ್‌ಗಳಲ್ಲಿ ಎರಡು ದಿನ ಸುಮ್ನೆ ಕೂರಬೇಕು. ಹೋಗಿ ಬಂದವರು, ಅಲ್ಲಿ ಇದ್ದವರು ದಯವಿಟ್ಟು ಹೇಳಿ.

ಬೆಂಗಳೂರು (ಪೋರ್ಟ್ ಬ್ಲೇರ್‌ನಲ್ಲಿ ಕೆಲಸಕ್ಕಿದ್ದವನು)

ಮೇಡಂ, ಮೊದಲು ಬಾರಾಟಾಂಗ್ ತೆಗೆದುಹಾಕಿ. ಅರ್ಧ ತಲೆನೋವು ಅಲ್ಲಿಗೇ ಕಳೆಯುತ್ತದೆ.

ಟ್ರಾವೆಲ್ಸ್ ಪಟ್ಟಿಯಲ್ಲಿ ಅದು ಒಂದು ಸಾಲು, ಅಷ್ಟೇ. ಹೋಗಬೇಕಾದರೆ ನಸುಕಿನ ಮೂರಕ್ಕೆಲ್ಲ ಏಳಬೇಕು. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಗಾಡಿಗಳ ಸಾಲು ನಿಂತಿರುತ್ತದೆ. ಗೊತ್ತುಮಾಡಿದ ಹೊತ್ತಿಗೆ ಮಾತ್ರ, ಎಲ್ಲ ಗಾಡಿಗಳನ್ನೂ ಒಟ್ಟಿಗೆ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ಆಮೇಲೆ ಫೆರಿಯಲ್ಲಿ ದಾಟಬೇಕು, ಸಣ್ಣ ದೋಣಿ ಹತ್ತಬೇಕು, ಸುಣ್ಣಕಲ್ಲಿನ ಗುಹೆಗೆ ನಡೆಯಬೇಕು. ಮಂಡಿನೋವಿನವರಿಗೆ ಇದೆಲ್ಲ ಯಾಕೆ ಬೇಕು? ಅದೂ ಅಲ್ಲದೆ ಆ ರಸ್ತೆ ಹಾದುಹೋಗುವುದು ಜಾರವಾ ಅನ್ನುವ ಆದಿವಾಸಿ ಜನರಿಗೆ ಮೀಸಲಾದ ಕಾಡಿನ ನಡುವೆ. ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಅವರ ರಕ್ಷಣೆಗೆಂದೇ 1956ರ ಕಾನೂನು ಇದೆ. ಆದರೂ ಗಾಡಿಯಲ್ಲಿ ಕೂತವರೆಲ್ಲ ‘ಕಾಣಿಸಿದ್ರಾ, ಕಾಣಿಸಿದ್ರಾ’ ಅಂತ ಕಿಟಕಿಗೆ ಮೂಗು ತೂರಿಸಿರುತ್ತಾರೆ. ನನಗಂತೂ ಅದು ಸರಿ ಕಾಣುವುದಿಲ್ಲ. ಅವರ ಮನೆಯೊಳಗೆ ಇಣುಕಿದ ಹಾಗೆ.

ಉಳಿದ ದಿನಗಳನ್ನು ಹೀಗೆ ಹಂಚಿಕೊಳ್ಳಿ. ಮೊದಲ ರಾತ್ರಿ, ಕೊನೆಯ ರಾತ್ರಿ ಪೋರ್ಟ್ ಬ್ಲೇರ್. ನಡುವಿನ ಮೂರು ರಾತ್ರಿ ಹ್ಯಾವ್‌ಲಾಕ್. ನೀಲ್ ಬೇಕೇ ಬೇಕು ಅಂದರೆ ಏಳನೇ ದಿನ ಸೇರಿಸಿ, ಇರುವ ಆರರಲ್ಲಿ ತುರುಕಬೇಡಿ. ಒಂದೊಂದು ದ್ವೀಪ ಬದಲಿಸಿದಾಗಲೂ ಅರ್ಧ ದಿನ ಹೋಗುತ್ತದೆ. ರೂಮ್ ಖಾಲಿ ಮಾಡು, ಜೆಟ್ಟಿಯಲ್ಲಿ ಕಾಯು, ಐಡಿ ತೋರಿಸು, ಲಗೇಜ್ ಎತ್ತು, ಮತ್ತೆ ಆಟೊ ಹುಡುಕು. ಹಡಗಿನಲ್ಲಿ ಕೂರುವುದು ಒಂದೂವರೆ ಗಂಟೆಯೇ ಇರಬಹುದು, ದಿನ ಮಾತ್ರ ಕೈಬಿಟ್ಟು ಹೋಗಿರುತ್ತದೆ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ ಅನ್ನುವುದಕ್ಕೆ ಕಾರಣ ಇದೆ. ಸಮುದ್ರ ಕೆಟ್ಟರೆ ಫೆರಿ ನಿಲ್ಲುತ್ತದೆ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತದ ಹವೆಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್, ನೀಲ್‌ಗಳಲ್ಲೇ ಉಳಿದುಹೋಗಿದ್ದರು. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಫೆಬ್ರವರಿಯಲ್ಲಿ ಅಂಥದ್ದು ಅಪರೂಪ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಒಳ್ಳೆಯ ಹವೆ, ನೀವು ಆರಿಸಿಕೊಂಡ ತಿಂಗಳು ಚೆನ್ನಾಗಿದೆ. ಆದರೂ ಬೆಳಿಗ್ಗೆ ಫೆರಿ, ಮಧ್ಯಾಹ್ನ ವಿಮಾನ ಅಂತ ಒಂದೇ ದಿನ ಜೋಡಿಸಿಕೊಳ್ಳಬೇಡಿ.

ಸೂರ್ಯನ ಲೆಕ್ಕ ಬಹಳ ಜನರಿಗೆ ಗೊತ್ತಿರುವುದಿಲ್ಲ. ನಮ್ಮದೇ ಗಡಿಯಾರ, ಆದರೆ ಜಾಗ ತುಂಬಾ ಪೂರ್ವಕ್ಕಿದೆ. ಫೆಬ್ರವರಿಯಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಆರಕ್ಕೆ ಕತ್ತಲು. ‘ಸಂಜೆ ಐದಕ್ಕೆ ರಾಧಾನಗರ ಬೀಚ್’ ಅಂತ ಯಾರಾದರೂ ಬರೆದುಕೊಟ್ಟರೆ ಒಪ್ಪಬೇಡಿ, ಎರಡೂವರೆಗೇ ಹೊರಡಿ. ಬೆಳಿಗ್ಗೆ ಆರಕ್ಕೇ ಬಿಸಿಲು ಬಂದಿರುತ್ತದೆ. ಬೇಗ ಎದ್ದು ಬೀಚ್, ಬಿಸಿಲೇರಿದಾಗ ಊಟ, ನಿದ್ದೆ, ಮತ್ತೆ ಎರಡೂವರೆಗೆ ಬೀಚ್. ಮಗುವಿಗೂ ಅತ್ತೆಗೂ ಅದೇ ಹಿತ.

ಹೆಸರುಗಳ ವಿಷಯ. 2018ರಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್‌ನಲ್ಲಿ ಹೊಸ ಹೆಸರಿದ್ದರೆ ಗಾಬರಿ ಬೇಡ. ಆಟೊದವರ ಬಾಯಲ್ಲಿ ಇನ್ನೂ ಹಳೆಯದೇ.

ಹೊನ್ನಾವರ

ಮೇಲಿನ ಸರ್ ಹೇಳಿದ್ದೆಲ್ಲ ಸರಿ, ಒಂದನ್ನು ಬಿಟ್ಟು. ಅಕ್ಕ, ನಿಮ್ಮ ಜಾಗದಲ್ಲಿ ನಾನಿದ್ದರೆ ಹ್ಯಾವ್‌ಲಾಕ್ ಎರಡು ರಾತ್ರಿ, ನೀಲ್ ಒಂದು ರಾತ್ರಿ ಅಂತ ಮಾಡುತ್ತಿದ್ದೆ. ನೀಲ್ ಸಣ್ಣದು, ಸಪಾಟು. ಒಂದು ಆಟೊ ಮಾಡಿಕೊಂಡರೆ ಊರೆಲ್ಲ ಮುಗಿಯಿತು. ಭರತ್‌ಪುರ ಬೀಚ್‌ನಲ್ಲಿ ಗಾಜಿನ ತಳದ ದೋಣಿ ಇದೆ. ಅತ್ತೆ ಕೂತಲ್ಲೇ ಕೂತು ಮೀನು, ಹವಳ ನೋಡಬಹುದು. ದೋಣಿ ಹತ್ತುವಾಗ ನೀರಲ್ಲಿ ನಾಲ್ಕು ಹೆಜ್ಜೆ ಇಡಬೇಕಾಗುತ್ತದೆ, ಮಗ ಸೊಸೆ ಕೈ ಹಿಡಿದುಕೊಂಡರೆ ಸಾಕು.

ನನಗೆ ಹೇಳಬೇಕಾಗಿರುವುದು ಭರತ-ಇಳಿತದ್ದು, ಅಂದರೆ ಸಮುದ್ರದ ನೀರು ಏರಿ ಇಳಿಯುವುದರ ವಿಷಯ. ನಮ್ಮ ಕಡೆಯ ಬೀಚ್‌ಗಳಲ್ಲಿ ಇಳಿತ ಇದ್ದರೂ ಮರಳೇ ಸಿಗುತ್ತದೆ, ಹಾಗಾಗಿ ಪ್ರವಾಸಿಗರು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಹಾಗಲ್ಲ. ಹ್ಯಾವ್‌ಲಾಕ್‌ನ ಪೂರ್ವದ ಬದಿಯಲ್ಲಿ, ಗೋವಿಂದ ನಗರ, ವಿಜಯ ನಗರದ ಕಡೆ, ರೆಸಾರ್ಟ್‌ಗಳು ಜಾಸ್ತಿ. ನೀರು ತುಂಬಿದಾಗ ನೀಲಿ ಹಸಿರು ಬಣ್ಣ ನೋಡಿ ‘ಆಹಾ’ ಅನ್ನುತ್ತೀರಿ. ಇಳಿದ ಮೇಲೆ ದೂರದವರೆಗೂ ಬಂಡೆ, ಸತ್ತ ಹವಳದ ಚೂರು. ಬರಿಗಾಲಲ್ಲಿ ಹೋದರೆ ಕಾಲು ಕೊಯ್ಯುತ್ತದೆ. ಕಾಲಾಪತ್ಥರ್ ಬೀಚ್ ಅಂತ ಇದೆ, ಅಲ್ಲಿ ಭರತ ಏರಿದಾಗ ಕೂರಲು ಮರಳೇ ಉಳಿಯುವುದಿಲ್ಲ. ನೀಲ್‌ನ ಲಕ್ಷ್ಮಣಪುರದ ಕಲ್ಲಿನ ಕಮಾನು ನೋಡಬೇಕು ಅಂದರೆ ನೀರು ಪೂರ್ತಿ ಇಳಿದಿರಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಜೋರು. ದಿನದಿಂದ ದಿನಕ್ಕೆ ಹೊತ್ತು ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚೇ ಮುಂದೆ ಹೋಗುತ್ತದೆ. ನಿನ್ನೆ ಹತ್ತಕ್ಕೆ ಚೆನ್ನಾಗಿತ್ತು ಅಂತ ಇವತ್ತೂ ಹತ್ತಕ್ಕೇ ಹೋಗಬೇಡಿ. ಮೊಬೈಲ್‌ನಲ್ಲಿ ಟೈಡ್ ಟೇಬಲ್ ಸಿಗುತ್ತದೆ. ಹೋಟೆಲ್ ಹುಡುಗರನ್ನು ಕೇಳಿದರೂ ಹೇಳುತ್ತಾರೆ.

ಕೊಕ್ಕೆ ಬೆಲ್ಟ್ ಇರುವ ಸ್ಯಾಂಡಲ್ ತಗೊಳ್ಳಿ. ಹವಾಯಿ ಚಪ್ಪಲಿ ನೀರಿಗೆ ಹೋಗಿಬಿಡುತ್ತದೆ.

ತೀರ್ಥಹಳ್ಳಿ

ಕಾಡಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೇಳಿದ್ದೇ ಕಾಡಿನ ಪಕ್ಕದ ಬೀಚ್ ಅಲ್ವಾ?

ನಿಮ್ಮ ಆಸೆಗೆ ರಾಧಾನಗರವೇ ಸರಿ. ಹ್ಯಾವ್‌ಲಾಕ್‌ನ ಪಶ್ಚಿಮದ ಬದಿ, ಜೆಟ್ಟಿಯಿಂದ ಹತ್ತು ಹನ್ನೆರಡು ಕಿಲೋಮೀಟರ್. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತಿ ಒಳ್ಳೆಯ ಬೀಚ್ ಅಂದಿತ್ತು. ಆ ಪದವಿಯನ್ನು ಇವತ್ತಿಗೂ ಮಾರುತ್ತಿದ್ದಾರೆ, ಇರಲಿ. ನನಗೆ ಹಿಡಿಸಿದ್ದು ಮರಗಳು. ನಮ್ಮ ಮಲೆನಾಡಿನವರೂ ತಲೆ ಎತ್ತಿ ನೋಡುವಂಥ ಎತ್ತರದ ನೇರ ಮರಗಳು ಮರಳಿನ ಅಂಚಿನವರೆಗೂ ಬಂದಿವೆ. ನೆರಳು ದಟ್ಟವಾಗಿದೆ. ಅತ್ತೆಗೆ ಕುರ್ಚಿ, ಬೆಂಚು ಏನಾದರೂ ನೆರಳಲ್ಲಿ ಸಿಗುತ್ತದೆ. ಬೀಚ್ ಉದ್ದ ಇರುವುದರಿಂದ ಗೇಟಿನಿಂದ ಸ್ವಲ್ಪ ದೂರ ನಡೆದರೆ ಜನ ಕಡಿಮೆ. ಅಲ್ಲೇ ಉಳಿಯಲು ಜಾಗ ಕಡಿಮೆ, ದುಬಾರಿ. ಪೂರ್ವದ ಬದಿಯಲ್ಲಿ ಉಳಿದು ಆಟೊದಲ್ಲಿ ಹೋಗಿಬನ್ನಿ. ವಾಪಸ್ ಬರಲು ಅದೇ ಆಟೊದವರಿಗೆ ಹೇಳಿಡಿ, ಕತ್ತಲಾದ ಮೇಲೆ ಗಾಡಿ ಹುಡುಕುವುದು ಕಷ್ಟ.

ಮೊಸಳೆ ಬಗ್ಗೆ ಹೇಳಲೇಬೇಕು. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಇದೇ ರಾಧಾನಗರದ ತುದಿಯಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಹೆದರಿ ಪ್ರವಾಸ ಬಿಡುವಂಥದ್ದೇನಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ತೊರೆ, ಹಳ್ಳ ಸಮುದ್ರ ಸೇರುವ ಜಾಗಕ್ಕೆ ಹೋಗಬೇಡಿ. ಬೋರ್ಡ್ ಹಾಕಿದ ಕಡೆ ನೀರಿಗೆ ಇಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ‘ಇನ್ನೈದು ನಿಮಿಷ’ ಅನ್ನಬೇಡಿ. ಈಜು ಬಾರದವರು ಹೇಗೂ ಮೊಣಕಾಲಿನ ಆಳದಲ್ಲೇ ಇರಬೇಕು. ಅಲೆ ಮೆತ್ತಗೆ ಕಂಡರೂ ಹಿಂದಕ್ಕೆಳೆಯುವ ನೀರಿಗೆ ಬಲ ಇರುತ್ತದೆ.

ಮೊಸಳೆಗಿಂತ ನಿಮಗೆ ಖಂಡಿತ ಸಿಗುವುದು ಸ್ಯಾಂಡ್‌ಫ್ಲೈ. ಕಣ್ಣಿಗೆ ಕಾಣದಷ್ಟು ಸಣ್ಣ ನೊಣ. ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ, ರಾತ್ರಿ ತುರಿಕೆ ಶುರುವಾಗುತ್ತದೆ. ಕೆರೆದರೆ ಗಾಯವಾಗಿ ವಾರಗಟ್ಟಲೆ ಉಳಿಯುತ್ತದೆ. ಮರಳಿನ ಮೇಲೆ ನೇರ ಮಲಗಬೇಡಿ. ದಪ್ಪ ಬೆಡ್‌ಶೀಟ್ ಹಾಸಿ. ಮಗನಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿ, ಸಂಜೆ ಉದ್ದ ಪ್ಯಾಂಟ್ ಹಾಕಿ. ಉಂಬಳದ (ಜಿಗಣೆಯ) ಕಾಟ ಮಳೆಗಾಲದಲ್ಲಿ ಮಾತ್ರ. ಫೆಬ್ರವರಿಯಲ್ಲಿ ಅದರ ಚಿಂತೆ ಬೇಡ.

ಎಲಿಫೆಂಟ್ ಬೀಚ್‌ಗೆ ರಾಧಾನಗರದ ರಸ್ತೆಯಿಂದ ಕಾಡಿನೊಳಗೆ ಕಾಲುದಾರಿ ಇದೆ. ಇಳಿಜಾರು, ಬೇರು, ಕೊನೆಗೆ ಕೆಸರು. ಅತ್ತೆಗೆ ಬೇಡವೇ ಬೇಡ. ಜೆಟ್ಟಿಯಿಂದ ಸ್ಪೀಡ್‌ಬೋಟ್ ಹೋಗುತ್ತದೆ. ನೀವು ಮೂವರು ಅದರಲ್ಲಿ ಹೋಗಿ, ಅತ್ತೆ ಆ ಬೆಳಿಗ್ಗೆ ರೂಮಿನಲ್ಲಿ ಆರಾಮಾಗಿರಲಿ.

ಧಾರವಾಡ

ಅಕ್ಕಾರೆ, ಊಟದ ವಿಷಯ ನಾನು ಹೇಳುತ್ತೇನೆ. ನಮ್ಮ ಅವ್ವನನ್ನು ಕರೆದುಕೊಂಡು ಹೋಗಿದ್ದೆವು, ಅವರೂ ನಿಮ್ಮತ್ತೆಯಂತೆಯೇ.

ಪೋರ್ಟ್ ಬ್ಲೇರ್‌ನಲ್ಲಿ ತೊಂದರೆ ಇಲ್ಲ. ತಮಿಳರು, ತೆಲುಗರು ಬಹಳ. ಇಡ್ಲಿ, ದೋಸೆ, ಅನ್ನ ಸಾರು ಸಿಗುತ್ತದೆ. ಹ್ಯಾವ್‌ಲಾಕ್‌ನಲ್ಲಿ ಬಂಗಾಳಿಗಳದ್ದೇ ಊರು. 1950ರ ದಶಕದಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರನ್ನು ಅಲ್ಲಿ ನೆಲೆ ನಿಲ್ಲಿಸಿದರು. ಹಾಗಾಗಿ ಮೀನು ಥಾಲಿ ಅಗ್ಗ, ರುಚಿ. ತರಕಾರಿ ಊಟ ಸಿಗುತ್ತದೆ, ಆದರೆ ತುಟ್ಟಿ. ಎಷ್ಟೋ ಸಾಮಾನು ಚೆನ್ನೈ, ಕೋಲ್ಕತ್ತದಿಂದ ಹಡಗಿನಲ್ಲಿ ಬರಬೇಕು, ಏನು ಮಾಡೋದು. ಮೀನು ಕರಿದ ಎಣ್ಣೆಯಲ್ಲೇ ಬಜ್ಜಿ ಕರಿಯುತ್ತಾರೋ ಏನೋ ಅನ್ನುವ ಅನುಮಾನ ನಮ್ಮವ್ವನಿಗೆ ಕೊನೆಯವರೆಗೂ ಹೋಗಲಿಲ್ಲ. ಕರಿದದ್ದು ಬಿಟ್ಟು ಅನ್ನ, ದಾಲ್, ಚಪಾತಿ ಹೇಳುವುದೇ ಸುಲಭ.

ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿ. ಮಂಡಕ್ಕಿ ಒಗ್ಗರಣೆಯನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ! ಎಳನೀರು ಎಲ್ಲ ಕಡೆ ಇದೆ. ರೂಮ್ ಹಿಡಿಯುವಾಗ ಕೆಟಲ್ ಇದೆಯಾ, ರೂಮ್ ನೆಲಮಹಡಿಯಲ್ಲಿದೆಯಾ, ಕಮೋಡ್ ಇದೆಯಾ ಅಂತ ಫೋನ್ ಮಾಡಿ ಕೇಳಿ. ಬಿದಿರಿನ ಗುಡಿಸಲು ಫೋಟೊದಲ್ಲಿ ಚಂದ. ಅದಕ್ಕೆ ನಾಲ್ಕು ಮೆಟ್ಟಿಲು, ಕೈ ಹಿಡಿಯಲು ಏನೂ ಇರುವುದಿಲ್ಲ.

ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾರಾಟಾಂಗ್ ಬಿಟ್ಟೆವು. ನೀಲ್ ಬಗ್ಗೆ ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಎರಡು ಪ್ರಶ್ನೆ ಉಳಿದಿವೆ. ಯಜಮಾನರಿಗೆ ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿ ಇಳಿಯುವುದು) ಮಾಡುವ ಆಸೆ, ಈಜು ಬಾರದೆ ಆಗುತ್ತದಾ? ಇನ್ನೊಂದು, ಮಗನಿಗೆ ಬಸ್ಸಿನಲ್ಲೇ ವಾಂತಿ, ಹಡಗಿನಲ್ಲಿ ಹೇಗೆ?

ಮಂಗಳೂರು

ಈಜು ಬಾರದವರನ್ನೂ ಕರೆದೊಯ್ಯುತ್ತಾರೆ. ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್ ಇರಬೇಕು. ಮೊದಲು ಆಳವಿಲ್ಲದ ನೀರಲ್ಲಿ ಉಸಿರಾಟ, ಸನ್ನೆ, ಕಿವಿ ಒತ್ತಡ ಬಿಡಿಸುವುದು ಇದನ್ನೆಲ್ಲ ಕಲಿಸಬೇಕು. ಕಲಿಸದೆ ನೇರ ಇಳಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ, ರೇಟು ಎಷ್ಟೇ ಕಡಿಮೆ ಇರಲಿ. ಅಸ್ತಮಾ, ಹೃದಯದ ತೊಂದರೆ, ಬಿಪಿ ಇದ್ದರೆ ಫಾರ್ಮ್‌ನಲ್ಲಿ ಮುಚ್ಚಿಡದೆ ಬರೆಯಿರಿ. ಶೀತ, ಕಟ್ಟಿದ ಮೂಗು ಇದ್ದರೆ ಆ ದಿನ ಬಿಡಿ, ಕಿವಿ ಹಾಳಾಗುತ್ತದೆ. ಡೈವ್ ಮಾಡಿದ ಮೇಲೆ ವಿಮಾನಕ್ಕೆ ಒಂದು ಪೂರ್ತಿ ದಿನ ಬಿಡಿ. ಹಾಗಾಗಿ ಹ್ಯಾವ್‌ಲಾಕ್ ತಲುಪಿದ ಮರುದಿನವೇ ಮುಗಿಸಿಕೊಳ್ಳುವುದು ಒಳ್ಳೆಯದು. ಮಗನಿಗೆ ಹತ್ತು ವರ್ಷ ಆಗುವವರೆಗೆ ಸ್ಕೂಬಾ ಇಲ್ಲ. ಟ್ಯೂಬ್ ಹಿಡಿದು ಗೈಡ್ ಜೊತೆ ಸ್ನಾರ್ಕೆಲಿಂಗ್ (ಮುಖವಾಡ, ಉಸಿರಿನ ಕೊಳವೆ ಹಾಕಿ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಮಾಡಬಹುದು.

ಹವಳದ ಬಣ್ಣ ಜಾಹೀರಾತಿನಲ್ಲಿ ಇರುವಷ್ಟು ಇರುವುದಿಲ್ಲ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನ್‌ನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಮೀನುಗಳನ್ನಂತೂ ಮನಸೋ ಇಚ್ಛೆ ನೋಡಬಹುದು. ಹವಳದ ಮೇಲೆ ಕಾಲಿಡಬೇಡಿ, ಅದು ಜೀವ.

ಬೆಂಗಳೂರು (ಪೋರ್ಟ್ ಬ್ಲೇರ್‌ನಲ್ಲಿ ಕೆಲಸಕ್ಕಿದ್ದವನು)

ವಾಂತಿಗೆ ಮಕ್ಕಳ ಡಾಕ್ಟರ್ ಹತ್ತಿರ ಮಾತ್ರೆ ಬರೆಸಿಕೊಳ್ಳಿ. ಹಡಗು ಹತ್ತುವ ಮೊದಲೇ ಕೊಡಬೇಕು, ಅಲುಗಾಡಲು ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಖಾಸಗಿ ಫೆರಿಗಳು ವೇಗ, ಎಸಿ. ಆದರೆ ಮುಚ್ಚಿದ ಕ್ಯಾಬಿನ್‌ನಲ್ಲೇ ಕೂರಬೇಕು. ಸರ್ಕಾರಿ ಹಡಗು ನಿಧಾನ, ಅಗ್ಗ, ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು. ಅತ್ತೆ ಇರುವುದರಿಂದ ಖಾಸಗಿಯೇ ಸರಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಸೀಟು ಕೇಳಿ. ಬೆಳಗಿನ ಫೆರಿಗೆ ಸಾಮಾನ್ಯವಾಗಿ ಸಮುದ್ರ ಶಾಂತ. ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬೇಡ. ವಿಮಾನದ ಟಿಕೆಟ್ ಆದ ತಕ್ಷಣ ಫೆರಿ ಟಿಕೆಟ್ ಮಾಡಿ, ರೂಮ್ ಆಮೇಲೆ. ರೂಮ್ ಸಿಗುತ್ತದೆ, ಬೇಕಾದ ಹೊತ್ತಿನ ಫೆರಿ ಸಿಗುವುದಿಲ್ಲ.

ನೆಟ್‌ವರ್ಕ್ ಮೊದಲಿನಷ್ಟು ಕೆಟ್ಟಿಲ್ಲ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಸುಧಾರಿಸಿದೆ. ಆದರೂ ಯುಪಿಐ ನಂಬಿ ಖಾಲಿ ಕೈಯಲ್ಲಿ ಹೋಗಬೇಡಿ. ಹ್ಯಾವ್‌ಲಾಕ್‌ಗೆ ಬೇಕಾಗುವ ನಗದನ್ನು ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಟುಕೊಳ್ಳಿ. ನಾಲ್ವರದೂ ಐಡಿ ಮೂಲಪ್ರತಿ ಇರಲಿ, ಮಗನ ಆಧಾರ್ ಮರೆಯಬೇಡಿ. ಭಾರತೀಯರಿಗೆ ಈ ಮೂರು ಕಡೆಗೆ ಬೇರೆ ಪರ್ಮಿಟ್ ಬೇಡ.

ಹೊನ್ನಾವರ

ಒಂದು ಮಾತು ಬಿಟ್ಟುಹೋಗಿತ್ತು. ಮಕ್ಕಳು ಚಿಪ್ಪು, ಹವಳದ ಚೂರು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತದೆ. ಹೊರಡುವ ಹಿಂದಿನ ರಾತ್ರಿ ಅವನ ಬ್ಯಾಗು, ಚಡ್ಡಿ ಜೇಬು ಎಲ್ಲಾ ಒಂದು ಸಲ ಕೊಡವಿ ನೋಡಿ.