ಅಪ್‌ಡೇಟ್: ಸಿಂಹದ ಮುಖ ಮಸುಕಾದ ಡಚ್ ನಾಣ್ಯ ಅಸಲಿಯೇ ಹೌದು

ನನ್ನ 1648ರ ಲೇವನ್‌ಡಾಲ್ಡರ್ ಬೆಳ್ಳಿ ನಾಣ್ಯದ ಮೇಲಿನ ಸಿಂಹ ಅಲ್ಲಲ್ಲಿ ಸಪಾಟಾಗಿದೆ, ನಕಲಿ ಇರಬಹುದೇ ಎಂದು ಕೇಳಿದ್ದೆನಲ್ಲ. ನೀವು ಹೇಳಿದಂತೆ ಮೊದಲು ತೂಗಿಸಿದೆ: 26.9 ಗ್ರಾಂ. ಟಂಕಸಾಲೆಯ ನಿಗದಿ ತೂಕ ಸುಮಾರು 27.6 ಗ್ರಾಂ, ಹಾಗಾಗಿ ಚಲಾವಣೆಯಲ್ಲಿ ಸವೆದ ನಾಣ್ಯಕ್ಕೆ ಇದು ಸರಿಯಾಗೇ ಇದೆ. ಅದಕ್ಕಿಂತ ಹೆಚ್ಚು ಧೈರ್ಯ ಕೊಟ್ಟದ್ದು ಸಿಂಹದ ಸುತ್ತ ಅಂಚಿನಲ್ಲಿರುವ ಅಕ್ಷರಗಳು. ಬರೀ ಸವೆತವಾಗಿದ್ದರೆ ಅವೂ ಅಳಿಸಬೇಕಿತ್ತು. ಇಲ್ಲಿ ಚೂಪಾಗಿಯೇ ಉಳಿದಿವೆ. ಅಂದರೆ ಅಚ್ಚೊತ್ತಿದ ಏಟೇ ದುರ್ಬಲ. ಸುತ್ತಿಗೆಯಿಂದ ಹೊಡೆದ ಈ ನಾಣ್ಯಗಳಲ್ಲಿ ಅದು ತೀರಾ ಸಾಮಾನ್ಯವಂತೆ. ಬೆಳ್ಳಿ ಶೇ. 75ರಷ್ಟೇ ಇದ್ದರೂ ಒಟ್ಟೋಮನ್ ಪೇಟೆಗಳಲ್ಲಿ ಇದಕ್ಕೆ ಭಾರೀ ಬೇಡಿಕೆಯಿತ್ತು, ಅವಸರದಲ್ಲೇ ಅಚ್ಚಾಗಿರಬೇಕು ಅನ್ನಿಸುತ್ತದೆ. ನಾಣ್ಯವನ್ನು ಹಿಂದಿರುಗಿಸುತ್ತಿಲ್ಲ, ಪಾಲಿಶ್ ಕೂಡ ಮಾಡಿಸುವುದಿಲ್ಲ. ಅಂಚು ನೋಡಿ ಎಂದವರಿಗೆ ವಿಶೇಷ ಧನ್ಯವಾದ.