ವಿಯೆನ್ನಾದಲ್ಲಿ ಮಕ್ಕಳೊಂದಿಗೆ: ಅರಮನೆಗಳನ್ನು ಬದಿಗಿಟ್ಟು

ಮಕ್ಕಳನ್ನು ಕರೆದುಕೊಂಡು ವಿಯೆನ್ನಾಕ್ಕೆ ಹೋದರೆ ಏನು ನೋಡಬೇಕು ಎಂದು ಕೇಳಿದವರಿಗೆ ಹೆಚ್ಚಿನವರು ಷೋನ್‌ಬ್ರುನ್ ಅರಮನೆಯನ್ನೇ ಸೂಚಿಸುತ್ತಾರೆ. ಅರಮನೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಬೇಸಿಗೆಯ ನೂಕುನುಗ್ಗಲಿನಲ್ಲಿ ಒಂದರ ಹಿಂದೊಂದರಂತೆ ಬಂಗಾರದ ಲೇಪದ ಕೋಣೆಗಳನ್ನು ದಾಟುವಷ್ಟರಲ್ಲಿ ಮಕ್ಕಳು ಸೋತಿರುತ್ತಾರೆ. ನಾವಿರುವ ಮ್ಯೂನಿಕ್‌ನಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ, ಜೊತೆಗೆ ನನ್ನ ನಾದಿನಿಯ ಸಂಸಾರವೂ ಅಲ್ಲಿಯೇ ಇದೆ. ಹೀಗಾಗಿ ನಾವು ಆ ಊರಿಗೆ ಆಗಾಗ ಹೋಗುತ್ತಿರುತ್ತೇವೆ. ವಿಯೆನ್ನಾ ಪ್ರವಾಸಿಗರಿಗೆಂದು ಮಾರುವುದಕ್ಕಿಂತ ತನ್ನ ನಿವಾಸಿಗಳಿಗೆಂದು ಇಟ್ಟುಕೊಂಡಿರುವುದೇ ಹೆಚ್ಚು ಸೊಗಸು, ಮತ್ತು ಅದರಲ್ಲಿ ಬಹುಪಾಲು ಅಗ್ಗ ಇಲ್ಲವೇ ಪುಕ್ಕಟೆ ಎನ್ನುವುದು ನನ್ನ ಅನಿಸಿಕೆ.

ಮೊದಲಿಗೆ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂ. 1891ರಲ್ಲಿ ಬಾಗಿಲು ತೆರೆದ ಈ ಕಲಾ ಸಂಗ್ರಹಾಲಯದಲ್ಲಿ, ಆಸ್ಟ್ರಿಯಾದ ಇತರ ರಾಷ್ಟ್ರೀಯ ಸಂಗ್ರಹಾಲಯಗಳಲ್ಲಿರುವಂತೆಯೇ, 19 ವರ್ಷದೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ. ಎಲ್ಲವನ್ನೂ ನೋಡಿಬಿಡಬೇಕೆಂಬ ಹಟ ಬೇಡ. ನೇರವಾಗಿ ಪೀಟರ್ ಬ್ರೂಗೆಲ್‌ನ ಚಿತ್ರಗಳಿರುವ ಕೋಣೆಗೆ ಹೋಗಿ, 1560ರಲ್ಲಿ ಆತ ಬರೆದ ‘ಮಕ್ಕಳ ಆಟಗಳು’ ಚಿತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ. ಇನ್ನೂರಕ್ಕೂ ಹೆಚ್ಚು ಮಕ್ಕಳು ಒಂದು ಊರಿನ ಬೀದಿಯನ್ನೇ ಆಕ್ರಮಿಸಿಕೊಂಡು ಬಳೆಯಂಥ ಗಾಲಿ ಉರುಳಿಸುತ್ತ, ಬಗ್ಗಿದವರ ಬೆನ್ನ ಮೇಲಿಂದ ಹಾರುತ್ತ, ಮರಗಾಲಿನ ಮೇಲೆ ನಡೆಯುತ್ತ ಇರುವ ಆ ಚಿತ್ರದಲ್ಲಿ ಎಡಗಡೆಯ ಕೆಳಮೂಲೆಯನ್ನು ಗಮನಿಸಿದರೆ ಇಬ್ಬರು ಹೆಂಗಸರು ಮೂಳೆಯ ತುಂಡುಗಳನ್ನಿಟ್ಟುಕೊಂಡು ಆಡುತ್ತಿರುತ್ತಾರೆ. ನಮ್ಮ ಅಜ್ಜಿಯಂದಿರು ಜಗಲಿಯ ಮೇಲೆ ಆಡುತ್ತಿದ್ದ ಕಲ್ಲಾಟವನ್ನು ವಿದೇಶದಲ್ಲಿ ಹುಟ್ಟಿದ ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಕ್ಕಿಲ್ಲ. ಗುರುವಾರಗಳಂದು ರಾತ್ರಿ 9ರವರೆಗೂ ತೆರೆದಿರುವುದರಿಂದ, ಜನ ಕರಗಿದ ಮೇಲೆ ಆರಾಮವಾಗಿ ಹೋಗಬಹುದು.

ಸಂಗೀತದ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಸಂಗೀತಕಾರ ಮೊಟ್ಸಾರ್ಟ್‌ನ ವೇಷ ತೊಟ್ಟು ರಸ್ತೆಯಲ್ಲಿ ಟಿಕೆಟ್ ಮಾರುವವರನ್ನು ನಮಸ್ಕಾರ ಹೇಳಿ ದಾಟಿಬಿಡಿ. 1869ರಲ್ಲಿ ಆರಂಭವಾಗಿ, 1945ರ ಬಾಂಬ್ ದಾಳಿಯಲ್ಲಿ ಸುಟ್ಟು, 1955ರಲ್ಲಿ ಮತ್ತೆ ತೆರೆದ ಸ್ಟೇಟ್ ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ ರಂಗಮಂದಿರದಲ್ಲಿ, ನಿಂತು ನೋಡುವ ಜಾಗಗಳಿವೆ. ಕೂರುವ ಜಾಗದ ದರಕ್ಕೆ ಹೋಲಿಸಿದರೆ ಅವುಗಳ ದರ ಏನೇನೂ ಅಲ್ಲ, ಮತ್ತು ಆಯಾ ದಿನದ ಟಿಕೆಟನ್ನು ಆ ದಿನವೇ ಮಾರುತ್ತಾರೆ. ಒಳಗೆ ಹೋದವರು ಮುಂದಿನ ಕಂಬಿಗೆ ಸ್ಕಾರ್ಫ್ ಕಟ್ಟಿ ತಮ್ಮ ಜಾಗ ಹಿಡಿದುಕೊಳ್ಳುತ್ತಾರೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಿಗೆ ಈ ಪದ್ಧತಿಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಚಿಕ್ಕ ಮಕ್ಕಳು ಮೂರು ಗಂಟೆ ನಿಲ್ಲಲಾರರು, ಆದ್ದರಿಂದ ಗಂಡ ಹೆಂಡಿರಲ್ಲಿ ಒಬ್ಬರು ಇಂದು, ಇನ್ನೊಬ್ಬರು ನಾಳೆ ಎಂದು ಹಂಚಿಕೊಳ್ಳುವುದು ಒಳ್ಳೆಯದು. ಜುಲೈ ಮತ್ತು ಆಗಸ್ಟ್‌ನಲ್ಲಿ ಇಲ್ಲಿ ಒಪೆರಾ ಇರುವುದಿಲ್ಲವೆಂಬುದು ಶಾಲೆಯ ರಜೆಯಲ್ಲಿ ಬರುವವರಿಗೆ ನೆನಪಿರಲಿ. ಅಂದಹಾಗೆ, 1919ರಿಂದ 1924ರವರೆಗೆ ಈ ಒಪೆರಾದ ನಿರ್ದೇಶಕರಲ್ಲೊಬ್ಬನಾಗಿದ್ದ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡಾಗ, ಆ ಸಂಗೀತ ಕಛೇರಿಯ ಖರ್ಚಿಗೆ ಹೊಣೆ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್.

ಸ್ಮಶಾನಕ್ಕೆ ಮಕ್ಕಳನ್ನು ಕರೆದೊಯ್ಯುವುದೇ ಎಂದು ನನ್ನ ಅತ್ತೆಯವರು ಹುಬ್ಬೇರಿಸಿದ್ದುಂಟು. ಆದರೂ 71ನೇ ಸಂಖ್ಯೆಯ ಟ್ರಾಮ್ ಹಿಡಿದು ಎರಡನೇ ಗೇಟಿನಲ್ಲಿ ಇಳಿದು, 1874ರಲ್ಲಿ ಆರಂಭವಾದ ಸೆಂಟ್ರಲ್ ಸ್ಮಶಾನದ ಸಾಲುಮರಗಳ ನಡುವೆ ನಡೆಯುವುದನ್ನು ನಾನು ಬಿಡುವುದಿಲ್ಲ. ಸಂಗೀತಕಾರರಾದ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅಲ್ಲಿ ನೆರೆಹೊರೆಯವರಂತೆ ಮಲಗಿದ್ದಾರೆ. ಅದೇ ಸ್ಮಶಾನದಲ್ಲಿರುವ ಭೌತವಿಜ್ಞಾನಿ ಬೋಲ್ಟ್ಸ್‌ಮನ್‌ನ ಸಮಾಧಿಯ ಮೇಲೆ ಎಂಟ್ರೊಪಿಯ (ಅಸ್ತವ್ಯಸ್ತತೆಯ ಅಳತೆಯ) ಸೂತ್ರವನ್ನು ಕೆತ್ತಿದ್ದಾರೆ. ಎಂಜಿನಿಯರುಗಳೇ ತುಂಬಿರುವ ನಮ್ಮಂಥ ಮನೆಗಳಲ್ಲಿ ಹತ್ತನೆಯ ತರಗತಿ ದಾಟಿದ ಮಕ್ಕಳು ಇದರ ಮುಂದೆ ತಾವಾಗಿಯೇ ನಿಲ್ಲುತ್ತಾರೆ.

ಬೇಸಿಗೆಯಾದರೆ ಡೊನೌಇನ್ಸೆಲ್‌ಗೆ ಹೋಗಿ. ಪ್ರವಾಹದ ನೀರು ಊರಿಗೆ ನುಗ್ಗದಿರಲೆಂದು ಡ್ಯಾನ್ಯೂಬ್ ನದಿಯ ಪಕ್ಕದಲ್ಲಿ 1972ರಿಂದ 1988ರವರೆಗೆ ಇನ್ನೊಂದು ಕಾಲುವೆಯನ್ನು ತೋಡಿ, ಅಗೆದ ಮಣ್ಣಿನಿಂದಲೇ 21 ಕಿಲೋಮೀಟರ್ ಉದ್ದದ ಈ ದ್ವೀಪವನ್ನು ಕಟ್ಟಿದರು. ಮೆಟ್ರೋದ ಯು1 ಮಾರ್ಗದಲ್ಲಿ ಅದಕ್ಕೆಂದೇ ನಿಲ್ದಾಣವಿದೆ; ಈಜುವುದಕ್ಕೆ, ಸೈಕಲ್ ತುಳಿಯುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ. ಕುಡಿಯುವ ನೀರಿನ ಬಾಟಲಿಗಳನ್ನೂ ಕೊಳ್ಳಬೇಡಿ. 1873ರಿಂದ ಒಂದು, 1910ರಿಂದ ಇನ್ನೊಂದು ಕಾಲುವೆಯ ಮೂಲಕ ಆಲ್ಪ್ಸ್ ಬೆಟ್ಟದ ಬುಗ್ಗೆಗಳ ನೀರು ಇಳಿಜಾರಿನ ಬಲದಿಂದಲೇ ಊರಿಗೆ ಬರುತ್ತದೆ, ಮತ್ತು ನಲ್ಲಿಯಿಂದ ಬರುವುದು ಆ ನೀರೇ. ಕಾಫಿಹೌಸುಗಳಲ್ಲಿ ಕಾಫಿಯ ಜೊತೆ ಪುಟ್ಟ ತಟ್ಟೆಯಲ್ಲಿ ಇಟ್ಟುಕೊಡುವ ಲೋಟದಲ್ಲಿರುವುದೂ ಅದೇ. ಒಂದು ಮೆಲಾಂಜ್ (ಹಾಲು ಬೆರೆಸಿದ ಕಾಫಿ) ತರಿಸಿಕೊಂಡು ಎಷ್ಟು ಹೊತ್ತು ಕೂತರೂ ಮಾಣಿ ಏಳಿಸುವುದಿಲ್ಲ.

ಅಡುಗೆ ಮಾಡಿಕೊಳ್ಳುವವರಿಗೆ, ಪ್ರವಾಸಿಗರೇ ತುಂಬಿರುವ ನಾಷ್‌ಮಾರ್ಕ್ಟ್ ಸಂತೆಗಿಂತ ಒಟ್ಟಾಕ್ರಿಂಗ್ ಬಡಾವಣೆಯ ಬ್ರುನ್ನೆನ್‌ಮಾರ್ಕ್ಟ್ ಸಂತೆ ಮೇಲು. ತರಕಾರಿಯೂ ಸೊಪ್ಪೂ ಅಲ್ಲಿ ಅಗ್ಗ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು ಮೊಸರು ತಂದಿಟ್ಟುಕೊಳ್ಳಿ. ಹೊರಗೆ ತಿನ್ನುವ ಸಸ್ಯಾಹಾರಿಗಳು ಒಂದನ್ನು ಗಮನಿಸಬೇಕು: ದೋಸೆಯಂಥದ್ದನ್ನು ಎಳೆಎಳೆಯಾಗಿ ಕತ್ತರಿಸಿ ಹಾಕಿರುವ ಫ್ರಿಟಾಟೆನ್ ಸೂಪ್ ನೋಡುವುದಕ್ಕೆ ನಿರುಪದ್ರವಿಯಾಗಿ ಕಂಡರೂ ಸಾಮಾನ್ಯವಾಗಿ ಅದರ ತಿಳಿ ದನದ ಮಾಂಸದ್ದು, ಆದ್ದರಿಂದ ತರಿಸಿಕೊಳ್ಳುವ ಮೊದಲು ಕೇಳಿ.